ಸೈಕಲ್ ಪಂಚರಿನ ಚರಿತ್ರೆ: ನಮ್ಮ ದಾರಿ, ನಮ್ಮ ಶಾಲೆ

ಶಾಲೆಯೊಂದಕ್ಕೆ ಐವತ್ತು ವರ್ಷ ತುಂಬಿದಾಗ ಅದರ ಸಲುವಾಗಿ ಓಡಾಡಿದ ಹಿರಿಯರನ್ನೂ ಪಾಠ ಹೇಳಿದ ಗುರುಗಳನ್ನೂ ನೆನೆಯುವುದು ನಮ್ಮ ಕರ್ತವ್ಯ. ಆ ಕೆಲಸವನ್ನು ಈ ಸಂಚಿಕೆಯ ಬೇರೆ ಲೇಖನಗಳು ಮಾಡುತ್ತವೆ. ನಾನು ಬರೆಯಹೊರಟದ್ದು ಶಾಲೆಯ ಗೋಡೆಯ ಹೊರಗಿನ ಒಂದು ಸಣ್ಣ ಸಂಗತಿ. ಮಕ್ಕಳು ಶಾಲೆಗೆ ಬಂದದ್ದು ಹೇಗೆ? ಸುತ್ತಲಿನ ಹಳ್ಳಿಗಳಿಂದ, ತೋಟದ ವಸ್ತಿಗಳಿಂದ, ಮಳೆಯಲ್ಲಿ ಬಿಸಿಲಲ್ಲಿ ಅವರನ್ನು ಹೊತ್ತು ತಂದದ್ದು ಯಾವುದು? ಬಹಳ ಮಂದಿಗೆ ಉತ್ತರ ಒಂದೇ: ಕಾಲು, ಇಲ್ಲವೆ ಸೈಕಲ್ಲು. ಸೈಕಲ್ಲಿನ ಮಾತು ಬಂದರೆ ಪಂಚರಿನ ಮಾತು ಬಿಟ್ಟು ಹೋಗಲು ಬರುವುದಿಲ್ಲ. ಊರಿನಿಂದ ದೂರ, ನಡುದಾರಿಯಲ್ಲಿ, ಹವಾ ಹೋದ ಗಾಲಿಯ ಮುಂದೆ ನಿಂತ ಹುಡುಗನ ಎದುರು ಒಂದು ದೊಡ್ಡ ಪ್ರಶ್ನೆ ಇರುತ್ತಿತ್ತು. ಮುಂದೆ ಹೋಗಬೇಕೋ, ಹಿಂದೆ ಬರಬೇಕೋ? ಎಷ್ಟೋ ಮಕ್ಕಳ ವಿದ್ಯೆಯ ದಾರಿಯೂ ಈ ಸಣ್ಣ ಪ್ರಶ್ನೆಯ ಮೇಲೆ ನಿಂತಿತ್ತು.

ಎರಿ ನೆಲದ ದಾರಿ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬಹುಭಾಗ ಎರಿ ಭೂಮಿ. ಬಿಳಿಜೋಳಕ್ಕೆ, ಕಡಲೆಗೆ, ಹತ್ತಿಗೆ ಈ ಮಣ್ಣು ತಾಯಿ. ಗಾಲಿಗೆ ಮಾತ್ರ ಇದು ಮಲತಾಯಿ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಹಿಟ್ಟು ಕಲಸಿದಂತೆ ಅಂಟುತ್ತದೆ. ಒಂದು ಹದ ಮಳೆ ಬಿದ್ದ ಮೇಲೆ ಬಂಡಿದಾರಿಯಲ್ಲಿ ಸೈಕಲ್ ನೂರು ಮಾರು ದಾಟುವುದೂ ಕಷ್ಟ. ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನಲ್ಲಿ ಸಿಕ್ಕಿ, ಗಾಲಿ ತಿರುಗದಂತಾಗುತ್ತದೆ. ಆಗ ಕಟ್ಟಿಗೆಯ ತುಂಡಿನಿಂದ ಮಣ್ಣು ಕೆರೆಯಬೇಕು, ಅದೂ ಸಾಲದಿದ್ದರೆ ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕು. ನಮ್ಮನ್ನು ಹೊರಬೇಕಾದ ಸೈಕಲ್ಲನ್ನು ನಾವೇ ಹೊತ್ತ ಪ್ರಸಂಗ ಈ ಭಾಗದ ಪ್ರತಿ ಮನೆಯಲ್ಲಿಯೂ ಒಂದಾದರೂ ಸಿಕ್ಕೀತು.

ರೈಲು ಈ ಜಿಲ್ಲೆಗೆ 1880ರ ದಶಕದಲ್ಲಿಯೇ ಬಂತು. ಹೋಟಗಿಯಿಂದ ಗದಗಿನವರೆಗೆ ಹಾಕಿದ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿಜಾಪುರವನ್ನು ಮುಟ್ಟಿತು. ಇಂಡಿಯ ಹೆಸರು ಹೊತ್ತ ‘ಇಂಡಿ ರೋಡ್’ ಸ್ಟೇಶನ್ ಆ ದಾರಿಯಲ್ಲಿದೆ. ಸಿಂದಗಿ ಸೀಮೆ ಮಾತ್ರ ಹಳಿಯಿಂದ ದೂರವೇ ಉಳಿಯಿತು. ಇಲ್ಲಿಯ ಜನಕ್ಕೆ ಚಕ್ಕಡಿ, ಕುದುರೆ, ಕಾಲ್ನಡಿಗೆ. ಆ ಮೇಲೆ ಸೈಕಲ್ಲು, ಬಸ್ಸು.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆಗ ಹಳ್ಳಿಯ ಜಾಣ ಹುಡುಗನ ಓದು ಸಾಮಾನ್ಯವಾಗಿ ಮುಲ್ಕಿ ಪರೀಕ್ಷೆಗೆ ಮುಗಿಯುತ್ತಿತ್ತು. ಹೈಸ್ಕೂಲು ಬೇಕೆಂದರೆ ದೊಡ್ಡ ಊರಿಗೆ ಹೋಗಿ ಬೋರ್ಡಿಂಗಿನಲ್ಲಿಯೋ ಬೀಗರ ಮನೆಯಲ್ಲಿಯೋ ಇರಬೇಕು. ಇರಲು ಅನುಕೂಲವಿಲ್ಲದವನಿಗೆ ಉಳಿದ ದಾರಿ, ದಿನಾ ಹೋಗಿ ಬರುವುದು. ಹಳ್ಳಿಗೇ ಪ್ರೌಢಶಾಲೆ ಬಂದಾಗ ಆ ದೂರ ಕಡಿಮೆಯಾಯಿತು, ಆದರೆ ಇಲ್ಲವಾಗಲಿಲ್ಲ. ಸುತ್ತಲಿನ ಹಳ್ಳಿಯ ಮಗುವಿಗೆ ನಮ್ಮೂರಿನ ಶಾಲೆಯೂ ದೂರದ ಶಾಲೆಯೇ.

ಗಾಳಿ ತುಂಬಿದ ಗಾಲಿ ಬಂದ ಬಗೆ

ಮೊದಲ ಸೈಕಲ್ಲುಗಳಿಗೆ ಪಂಚರ್ ಎಂಬ ರೋಗವೇ ಇರಲಿಲ್ಲ. ಗಟ್ಟಿ ರಬ್ಬರಿನ ಪಟ್ಟಿ ಕಟ್ಟಿದ ಗಾಲಿಗಳವು. ಥಾಮಸ್ ಸ್ಟೀವನ್ಸ್ ಎಂಬಾತ 1884ರಿಂದ 1886ರವರೆಗೆ ದೊಡ್ಡ ಮುಂಗಾಲಿಯ ಸೈಕಲ್ಲಿನಲ್ಲಿ ಜಗತ್ತು ಸುತ್ತಿದ. 1886ರಲ್ಲಿ ಉತ್ತರ ಭಾರತದ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನೂ ಹಾಯ್ದು ಹೋದ. ಅವನಿಗೆ ಮೈ ನೋವು ಬಂದಿರಬಹುದು, ಪಂಚರ್ ಮಾತ್ರ ಬರಲಿಲ್ಲ.

ಗಾಳಿ ತುಂಬಿದ ಟೈರಿನ ವಿಚಾರವನ್ನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಮಾಡಿಸಿದ್ದ. ಆಗ ಅದನ್ನು ಬಳಸುವ ಸೈಕಲ್ಲೇ ಇರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಕೊಂಡ. ಮರುವರ್ಷ ಈ ಟೈರು ಹಾಕಿದ ಸೈಕಲ್ಲು ಪಂದ್ಯ ಗೆದ್ದಾಗ ನಕ್ಕವರೆಲ್ಲ ಸುಮ್ಮನಾದರು. ಸವಾರನ ಭಾರವನ್ನು ಹೊರುವುದು ರಬ್ಬರಲ್ಲ, ಒಳಗೆ ಒತ್ತಿ ತುಂಬಿದ ಗಾಳಿ. ಅದರಿಂದ ಗಾಲಿ ಹಗುರಾಯಿತು, ದಾರಿಯ ಕಲ್ಲು ಮೆತ್ತಗಾಯಿತು. ಆದರೆ ಗಾಳಿಯನ್ನು ನಂಬಿದವನು ಮುಳ್ಳಿಗೆ ಹೆದರಲೇಬೇಕು.

ಮೊದಮೊದಲು ಟೈರನ್ನು ಗಾಲಿಗೆ ಅಂಟಿಸುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಫೆರಾಂಡ್ ಊರಿನ ಮಿಶೆಲಿನ್ ಅಣ್ಣತಮ್ಮಂದಿರ ರಬ್ಬರ್ ಕಾರ್ಖಾನೆಗೆ ಒಬ್ಬ ಸವಾರ ಹವಾ ಹೋದ ಸೈಕಲ್ ತಂದ. ಟೈರು ಬಿಚ್ಚಿ ದುರುಸ್ತಿ ಮಾಡಲು ಮೂರು ತಾಸು ಹಿಡಿಯಿತು, ಅಂಟು ಒಣಗಲು ರಾತ್ರಿಯೆಲ್ಲ ಬೇಕಾಯಿತು. ಮರುದಿನ ಬೆಳಗ್ಗೆ ಎದುವಾರ್ ಮಿಶೆಲಿನ್ ಅದನ್ನು ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಹವಾ ಹೋಯಿತು. ಅದೇ ಪಾಠವಾಗಿ, ಸುಲಭವಾಗಿ ಬಿಚ್ಚಿ ಹಾಕುವ ಟೈರು 1891ರಲ್ಲಿ ಹುಟ್ಟಿತು. ಅದೇ ವರ್ಷ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸುಮಾರು 1,200 ಕಿ.ಮೀ. ಪಂದ್ಯವನ್ನು ಶಾರ್ಲ್ ತೆರೋ ಅದೇ ಟೈರಿನ ಮೇಲೆ ಗೆದ್ದ. ಮರುವರ್ಷ ಅಣ್ಣತಮ್ಮಂದಿರು ತಾವೇ ಒಂದು ಪಂದ್ಯ ಏರ್ಪಡಿಸಿ, ದಾರಿಯಲ್ಲಿ ಮೊಳೆ ಚೆಲ್ಲಿಸಿ, ಪಂಚರ್ ತೆಗೆಯುವುದು ಎಷ್ಟು ಸುಲಭವೆಂದು ಜನಕ್ಕೆ ತೋರಿಸಿದರು. ಹೀಗೆ ಪಂಚರ್ ತೆಗೆಯುವ ಜಾಣತನವೇ ಸೈಕಲ್ಲನ್ನು ಬಡವರ ವಾಹನ ಮಾಡಿತು. ದುರುಸ್ತಿಗೆ ಕಾರ್ಖಾನೆ ಬೇಕೆಂದಿದ್ದರೆ ಅದು ಶ್ರೀಮಂತರ ಆಟಿಕೆಯಾಗಿಯೇ ಉಳಿಯುತ್ತಿತ್ತು.

ಇದೇ ಗಾಲಿ ನಂಬಿ ನಮ್ಮದೇ ಮುಂಬಯಿ ಪ್ರಾಂತದ ಪಾರ್ಸಿ ತರುಣರು 1923ರ ಅಕ್ಟೋಬರದಲ್ಲಿ ಜಗತ್ತು ಸುತ್ತಲು ಹೊರಟರು. ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಎಂಬ ಮೂವರು ಮರುಭೂಮಿ, ಹಿಮ, ಕಾಡು ದಾಟಿ 1928ರಲ್ಲಿ ತಿರುಗಿ ಮುಂಬಯಿ ಮುಟ್ಟಿದರು. ಮನೆಯಿಂದ ದೂರ ಪಂಚರ್ ಆದರೆ ಏನು ಗತಿ ಎಂದು ಕುಳಿತಿದ್ದರೆ ಅವರು ಹೊರಡುತ್ತಲೇ ಇರಲಿಲ್ಲ.

ಜಿಲ್ಲೆಯಲ್ಲಿ ಸೈಕಲ್ಲು

ವಚನ ಪಿತಾಮಹ ಫ. ಗು. ಹಳಕಟ್ಟಿಯವರನ್ನು (1880–1964) ನೆನೆಯದೆ ಬಿಜಾಪುರದ ಸೈಕಲ್ಲಿನ ಕಥೆ ಪೂರ್ಣವಾಗದು. ವಕೀಲರಾಗಿದ್ದ ಅವರು ತಾಡೋಲೆ ಹುಡುಕುತ್ತ ಅಲೆದರು, 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು, ವಚನ ಅಚ್ಚು ಹಾಕಲು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಹಳೆಯ ಕೋಟು ತೊಟ್ಟು ಸೈಕಲ್ಲಿನ ಮೇಲೆ ಓಡಾಡುತ್ತಿದ್ದ ಅವರ ಚಿತ್ರ ಜಿಲ್ಲೆಯ ಹಿರಿಯರ ಮಾತಿನಲ್ಲಿ ಇಂದಿಗೂ ಉಳಿದಿದೆ. ಸೈಕಲ್ಲು ದೊಡ್ಡವರಿಗೆ ಸಣ್ಣತನವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಕಾಲದ ಸೈಕಲ್ಲುಗಳು ಹೆಚ್ಚಾಗಿ ವಿಲಾಯತಿ ಮಾಲು. ಎರಡನೆಯ ಮಹಾಯುದ್ಧದಲ್ಲಿ ಜಪಾನಿಗಳು ಮಲಯಾವನ್ನೂ 1942ರ ಫೆಬ್ರುವರಿಯಲ್ಲಿ ಸಿಂಗಾಪುರವನ್ನೂ ಹಿಡಿದಾಗ ರಬ್ಬರಿಗೆ ಬರ ಬಿತ್ತು, ಟೈರು ಟ್ಯೂಬು ಸಿಗುವುದು ದುರ್ಲಭವಾಯಿತು. ಆ ಮಲಯಾ ಯುದ್ಧದಲ್ಲಿಯೂ ಪಂಚರಿನದೊಂದು ಕಥೆ ಇದೆ. ಜಪಾನಿ ಸೈನಿಕರು ಸಾವಿರಗಟ್ಟಲೆ ಸೈಕಲ್ಲಿನ ಮೇಲೆ ಬಂದರು. ಬಿಸಿಲಿಗೆ ಟ್ಯೂಬು ಒಡೆದಾಗ ಟೈರು ಕಿತ್ತೊಗೆದು ಬರಿಯ ಕಬ್ಬಿಣದ ರಿಮ್ಮಿನ ಮೇಲೆಯೇ ಹೊಡೆದರು. ರಾತ್ರಿ ಆ ಸದ್ದು ಕೇಳಿ ಎದುರಿನ ಪಡೆಯವರು ಟ್ಯಾಂಕುಗಳೇ ಬಂದವೆಂದು ಗಾಬರಿಯಾದರಂತೆ.

ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ದೇಶಿ ಸೈಕಲ್ಲು ಬಂದವು. ಮುಂಬಯಿಯ ಹಿಂದ್, ಮದ್ರಾಸಿನ ಟಿ.ಐ. ಕಂಪನಿಯ ಹರ್ಕ್ಯುಲಿಸ್, ಆಸನ್ಸೋಲಿನ ಸೆನ್ ರ‍್ಯಾಲೆ, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೊ. ಡನ್‌ಲಪ್ ಕಂಪನಿ 1936ರಲ್ಲಿಯೇ ಬಂಗಾಲದ ಸಾಹಾಗಂಜದಲ್ಲಿ ಟೈರು ಮಾಡತೊಡಗಿತ್ತು. 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ, ಹಿಂದೆ ಜೋಳದ ಚೀಲ ತಡೆಯುವ ಕ್ಯಾರಿಯರ್: ಇದೇ ನಮ್ಮ ಹಳ್ಳಿಯ ಸೈಕಲ್ಲಿನ ಗುರುತಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಗ್ರಾಮಸೇವಕರು ಸೈಕಲ್ಲಿನ ಮೇಲೆ ಹಳ್ಳಿಗೆ ಬಂದರು. ಅಂಚೆಯವರು, ತಲಾಠಿಗಳು, ಪರವೂರಿನಿಂದ ಬರುವ ಮಾಸ್ತರರು ಇದನ್ನೇ ನಂಬಿದರು. ಮದುವೆಯಲ್ಲಿ ಅಳಿಯನಿಗೆ ಸೈಕಲ್ಲು, ಕೈಗಡಿಯಾರ, ರೇಡಿಯೊ ಕೊಡುವುದು ಮರ್ಯಾದೆಯ ಮಾತಾಯಿತು. ಪೇಟೆಯಲ್ಲಿ ಪುರಸಭೆಗೆ ಕರ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ ಸೀಟ್ ಹೊಡೆದರೆ ದಂಡದ ಭಯ ಬೇರೆ.

ಮುಳ್ಳು, ಮೊಳೆ, ಖಡಿ

ನಮ್ಮ ಕಡೆ ಪಂಚರಿಗೆ ಮುಖ್ಯ ಕಾರಣ ಮೂರು. ಮೊದಲನೆಯದು ಮುಳ್ಳು. ಕರಿಜಾಲಿಯ ಮುಳ್ಳು ಬೆಳ್ಳಗೆ, ಉದ್ದಗೆ, ಸೂಜಿಯಂತೆ ನೇರ. ಹೊಲದ ಬೇಲಿಗೆ ಕಡಿದು ಎಳೆದೊಯ್ಯುವಾಗ ದಾರಿಯುದ್ದಕ್ಕೂ ಉದುರುತ್ತದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ತಂದ ಗಿಡ. ವಿಚಿತ್ರವೆಂದರೆ ರಬ್ಬರಿನ ಗಿಡವೂ ಅದೇ ಖಂಡದ್ದು. ಅದರ ಬೀಜ ಬ್ರೆಜಿಲಿನಿಂದ ಹೊರಬಿದ್ದದ್ದು 1876ರಲ್ಲಿ. ಚುಚ್ಚುವ ಮುಳ್ಳು, ಚುಚ್ಚಿಸಿಕೊಳ್ಳುವ ರಬ್ಬರು ಎರಡೂ ಕಡಲು ದಾಟಿ ಬಂದು ನಮ್ಮ ಎರಿ ದಾರಿಯಲ್ಲಿ ಭೆಟ್ಟಿಯಾದವು. ಇನ್ನು ನೆಲಕ್ಕೆ ಹಬ್ಬುವ ನೆಗ್ಗಿಲ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಇಂಗ್ಲಿಷರು ಈ ಬಳ್ಳಿಗೆ ಪಂಚರಿನ ಹೆಸರನ್ನೇ ಇಟ್ಟಿದ್ದಾರೆ.

ಎರಡನೆಯದು ನಾಲಿನ ಮೊಳೆ. ಎತ್ತಿನ ಗೊರಸಿಗೆ ನಾಲಬಂದರು ಬಡಿದ ನಾಲು ಸಡಿಲಾಗಿ ಮೊಳೆ ದಾರಿಯಲ್ಲಿ ಬೀಳುತ್ತಿತ್ತು. ಸಂತೆಯ ದಿನ, ಜಾತ್ರೆಯ ದಿನ ಚಕ್ಕಡಿಗಳು ಸಾಲುಗಟ್ಟಿದಾಗ ಸೈಕಲ್ಲಿನವರು ದಾರಿಯ ಅಂಚು ಹಿಡಿದು ಹೋಗುತ್ತಿದ್ದರು. ಅಂಚಿನಲ್ಲಿ ಜಾಲಿ ಕಾಯುತ್ತಿತ್ತು!

ಮೂರನೆಯದು ಖಡಿ. 1972ರ ಬರಗಾಲ ನಮ್ಮ ಜಿಲ್ಲೆಯ ಹಿರಿಯರ ನೆನಪಿನಲ್ಲಿ ಗಾಯದಂತೆ ಉಳಿದಿದೆ. ಬರಗಾಲದ ಕಾಮಗಾರಿಗಳಲ್ಲಿ ಹೆಂಗಸರು ಗಂಡಸರು ಕಲ್ಲು ಒಡೆದು ಖಡಿ ಮಾಡಿದರು, ಮಣ್ಣು ಹೊತ್ತರು, ರಸ್ತೆಗಳಾದವು. ಆ ರಸ್ತೆಗಳ ಮೇಲೆ ಮುಂದಿನ ಪೀಳಿಗೆ ಶಾಲೆಗೆ ಹೋಯಿತು. ಆದರೆ ಡಾಂಬರು ಬೀಳುವವರೆಗೆ ಚೂಪು ಖಡಿ ಟೈರನ್ನು ಕೊಯ್ಯುತ್ತಿತ್ತು. ಹಸಿದ ಹೊಟ್ಟೆಯವರು ಒಡೆದ ಕಲ್ಲು ಅದು, ದೂರುವ ಹಾಗಿಲ್ಲ.

ನಡುದಾರಿಯ ಉಪಾಯಗಳು

ಲೆಕ್ಕ ಹಾಕಿ ನೋಡೋಣ. ಹತ್ತು ಕಿ.ಮೀ. ದಾರಿಯನ್ನು ಸೈಕಲ್ಲು ಮುಕ್ಕಾಲು ತಾಸಿನಲ್ಲಿ ದಾಟಿಸುತ್ತದೆ. ಬರಿಗಾಲಿನಲ್ಲಿ ಎರಡು ತಾಸಿಗೂ ಮೇಲೆ. ನಡುವೆ ಪಂಚರ್ ಆದರೆ ನಡೆಯುವುದರ ಜೊತೆಗೆ ಸೈಕಲ್ಲನ್ನೂ ತಳ್ಳಬೇಕು. ಪ್ರಾರ್ಥನೆ ತಪ್ಪುತ್ತದೆ, ಮೊದಲ ಎರಡು ತಾಸಿನ ಪಾಠ ತಪ್ಪುತ್ತದೆ. ಪರೀಕ್ಷೆಯ ದಿನವಾದರೆ ವರ್ಷವೇ ತಪ್ಪೀತು. ಅದಕ್ಕಾಗಿಯೇ ಜನ ಉಪಾಯಗಳನ್ನು ಕಂಡುಕೊಂಡರು.

ಮೊದಲ ನಿಯಮ, ಹವಾ ಹೋದೊಡನೆ ಕೆಳಗಿಳಿಯುವುದು. ಹವಾ ಇಲ್ಲದ ಗಾಲಿಯ ಮೇಲೆ ಹೊಡೆದರೆ ರಿಮ್ಮು ಟ್ಯೂಬನ್ನು ಕಚ್ಚುತ್ತದೆ, ವಾಲಿನ ಬುಡ ಹರಿಯುತ್ತದೆ. ವಾಲಿನ ಬುಡ ಹರಿದ ಟ್ಯೂಬಿಗೆ ತೇಪೆ ನಿಲ್ಲುವುದಿಲ್ಲ. ಎರಡು ಆಣೆಯ ಕೆಲಸ ಹೊಸ ಟ್ಯೂಬಿನ ಖರ್ಚಿಗೆ ಏರುತ್ತದೆ.

ಎರಡನೆಯದು, ಅದು ಪಂಚರೇ ಹೌದೋ ಎಂದು ನೋಡುವುದು. ನಮ್ಮ ಸೈಕಲ್ಲಿನ ವಾಲಿನ ಒಳಗೆ ಒಂದು ಪಿನ್ನು, ಅದರ ಮೇಲೆ ಸಣ್ಣ ರಬ್ಬರ್ ನಳಿಗೆ. ಅದಕ್ಕೆ ವಾಲ್‌ಟ್ಯೂಬ್ ಎನ್ನುತ್ತೇವೆ. ಪಂಪಿನ ಗಾಳಿ ನಳಿಗೆಯನ್ನು ಉಬ್ಬಿಸಿ ಒಳಗೆ ಹೋಗುತ್ತದೆ, ಹೊರಗೆ ಬರಲು ನೋಡಿದರೆ ನಳಿಗೆ ಪಿನ್ನಿನ ತೂತಿಗೆ ಅಂಟಿ ಬಾಗಿಲು ಹಾಕುತ್ತದೆ. ಬಿಸಿಲಿಗೆ ಈ ನಳಿಗೆ ಬೇಗ ಸೀಳುತ್ತದೆ. ವಾಲಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ ಗುಳ್ಳೆ ಬಂದರೆ ತಪ್ಪು ಅಲ್ಲಿಯೇ. ತಿಳಿದವರು ಜೇಬಿನಲ್ಲಿ ಗೇಣುದ್ದ ವಾಲ್‌ಟ್ಯೂಬ್ ಇಟ್ಟುಕೊಂಡಿರುತ್ತಿದ್ದರು.

ಮೂರನೆಯದು, ಮುಳ್ಳನ್ನು ಹುಡುಕುವುದು. ಟೈರಿನ ಹೊರಗೆ ಕಣ್ಣು, ಒಳಗೆ ಬೆರಳು. ಹೊಲದ ಕೆಲಸದವರ ಹತ್ತಿರ ಕಾಲಿನ ಮುಳ್ಳು ತೆಗೆಯುವ ಚಿಮಟ ಇದ್ದೇ ಇರುತ್ತಿತ್ತು. ಅದೇ ಗಾಲಿಯ ಮುಳ್ಳಿಗೂ ಆಗುತ್ತಿತ್ತು. ತೇಪೆ ಹಚ್ಚಿದರೂ ಮುಳ್ಳು ಒಳಗೇ ಉಳಿದರೆ ಅರ್ಧ ಹರದಾರಿಗೆ ಮತ್ತೆ ಅದೇ ಕಥೆ. ನೀರಿಲ್ಲದಲ್ಲಿ ತೂತು ಹುಡುಕಲು ಟ್ಯೂಬನ್ನು ಕೆನ್ನೆಯ ಹತ್ತಿರ, ತುಟಿಯ ಹತ್ತಿರ ಹಿಡಿಯುತ್ತಿದ್ದರು. ಎಷ್ಟು ಸಣ್ಣ ಗಾಳಿಯಾದರೂ ಅಲ್ಲಿ ತಣ್ಣಗೆ ತಿಳಿಯುತ್ತದೆ.

ತೇಪೆಯ ಸಾಮಾನು ಇಲ್ಲದಿದ್ದರೆ? ತೂತು ಇದ್ದಲ್ಲಿ ಟ್ಯೂಬನ್ನು ಮಡಚಿ ಗಟ್ಟಿಯಾಗಿ ದಾರ ಕಟ್ಟಿ ಹವಾ ಹಾಕಿದರೆ ಕುಪ್ಪಳಿಸುತ್ತ ಕುಪ್ಪಳಿಸುತ್ತ ಊರು ಮುಟ್ಟಬಹುದು. ಪಂಪೂ ಇಲ್ಲದಿದ್ದರೆ ಟೈರಿನೊಳಗೆ ಹುಲ್ಲು, ಚಿಂದಿ ಬಟ್ಟೆ ಒತ್ತಿ ತುಂಬಿ ಮೆಲ್ಲಗೆ ಸಾಗಬಹುದು. ಟೈರೇ ಸೀಳಿದ್ದರೆ ಹಳೆಯ ಟೈರಿನ ತುಂಡನ್ನು ಒಳಗೆ ಇಡುವುದು, ಇಲ್ಲವೆ ಚಪ್ಪಲಿ ಹೊಲಿಯುವವರ ಕೈಯಿಂದ ದಪ್ಪ ದಾರ ಹಾಕಿಸುವುದು. ಇವು ಯಾವ ಪುಸ್ತಕದಲ್ಲಿಯೂ ಓದಿ ಕಲಿತವಲ್ಲ.

ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ಮನುಷ್ಯ. ತಳ್ಳಿಕೊಂಡು ಹೋಗುವವನನ್ನು ಕಂಡರೆ ಹೊಲದಿಂದಲೇ ಕೂಗು ಬರುತ್ತಿತ್ತು: “ಯಾಕೋ ತಮ್ಮಾ, ಹವಾ ಹೋತೇನು? ಬಾ, ನೀರ ಕುಡದು ಹೋಗು.” ಚಕ್ಕಡಿಯ ಕಾಕಾ ಸೈಕಲ್ಲನ್ನು ಮೇವಿನ ಮೇಲೆ ಎತ್ತಿಟ್ಟುಕೊಂಡು ಹುಡುಗನನ್ನೂ ಕೂರಿಸಿಕೊಳ್ಳುತ್ತಿದ್ದ. ಮೊಳೆ ಕೆಡವಿದ ಎತ್ತೇ ಮನೆಗೆ ಮುಟ್ಟಿಸಿದ ಹಾಗೆ! ಡಾಂಬರು ರಸ್ತೆಯಾದರೆ ಬಸ್ಸಿನ ಮೇಲೆ ಸೈಕಲ್ಲು ಹಾಕಿಸುವುದು, ಇಲ್ಲವೆ ಕ್ರಾಸಿನ ಚಹಾದಂಗಡಿಯಲ್ಲಿ ಬಿಟ್ಟು ಹೋಗಿ ಸಂಜೆ ಒಯ್ಯುವುದು. ಗುರುತಿಲ್ಲದ ಊರಿನಲ್ಲಿ ಸೈಕಲ್ಲು ಬಿಟ್ಟು ಹೋಗುವಷ್ಟು ನಂಬಿಕೆ ಇತ್ತು ಎಂಬುದೂ ಚರಿತ್ರೆಯಲ್ಲಿ ಬರೆದಿಡಬೇಕಾದ ಮಾತು.

ಪಂಚರ್ ಅಂಗಡಿ ಎಂಬ ಪಾಠಶಾಲೆ

ಒಂದು ತಗಡಿನ ಚಪ್ಪರ, ಕಾಲಲ್ಲಿ ಒತ್ತಿ ಹಿಡಿದು ಕೈಯಲ್ಲಿ ಹೊಡೆಯುವ ಪಂಪು, ಬುಟ್ಟಿಯಲ್ಲಿ ಕದಡಿದ ನೀರು, ಗೂಟಕ್ಕೆ ತೂಗುಹಾಕಿದ ಹಳೆಯ ಟೈರು. ದೂರದಿಂದ ಆ ಟೈರು ಕಂಡರೆ ಸಾಕು, ತಳ್ಳುವ ಕೈಗೆ ಬಲ ಬರುತ್ತಿತ್ತು. ಬೋರ್ಡು ಬರೆಸುವ ಅಗತ್ಯವೇ ಇರಲಿಲ್ಲ.

ಅಲ್ಲಿಯ ಕೆಲಸದಲ್ಲಿ ವಿಜ್ಞಾನದ ಪಾಠವೇ ಇದೆ. ಟ್ಯೂಬಿಗೆ ಹವಾ ತುಂಬಿ ನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುತ್ತದೆ. ಗುರುತು ಮಾಡಿ, ಒರೆಸಿ, ಒಣಗಿಸಿ, ಅರದಿಂದ ಉಜ್ಜುತ್ತಾರೆ. ಮೇಲಿನ ನುಣುಪು ಹೋಗಿ ಹೊಸ ರಬ್ಬರು ಹೊರಬಿದ್ದರೇನೇ ಅಂಟು ಹಿಡಿಯುವುದು. ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ತೇಪೆಯನ್ನೂ ಉಜ್ಜುತ್ತಾರೆ. ಮೂಲೆ ಇದ್ದರೆ ಮೂಲೆಯಿಂದ ಏಳುತ್ತದೆಂದು ದುಂಡಗೆ ಕತ್ತರಿಸುವುದು. ಎರಡಕ್ಕೂ ಸೊಲ್ಯೂಶನ್ ಹಚ್ಚಿ ಕಾಯಬೇಕು. ಹೊಸಬರು ಕೆಡುವುದು ಇಲ್ಲಿಯೇ. ಸೊಲ್ಯೂಶನ್ ಎಂದರೆ ಬೇಗ ಆರುವ ಎಣ್ಣೆಯಲ್ಲಿ ಕರಗಿಸಿದ ರಬ್ಬರು. ಎಣ್ಣೆ ಆರಿ ರಬ್ಬರು ಉಳಿಯುವ ಮೊದಲೇ ಅಂಟಿಸಿದರೆ ತೇಪೆ ಜಾರುತ್ತದೆ. ಆರಿದ ಮೇಲೆ ಒತ್ತಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮತ್ತೊಮ್ಮೆ ನೀರಿಗೆ ಹಿಡಿದು ನೋಡಿ, ಟೈರಿನೊಳಗೆ ಕೈ ಆಡಿಸಿ ಮುಳ್ಳು ಉಳಿದಿಲ್ಲವೆಂದು ಖಾತ್ರಿ ಮಾಡಿಯೇ ಹಾಕುತ್ತಾರೆ. ಇಷ್ಟು ಮಾಡಿದರೂ ಏಪ್ರಿಲ್–ಮೇ ಬಿಸಿಲಿನಲ್ಲಿ ಡಾಂಬರು ಕಾದಾಗ ತೇಪೆ ಎದ್ದು ಬರುವುದುಂಟು.

ಈ ಅಂಗಡಿಗಳಲ್ಲಿಯೇ ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು ಸಿಗುತ್ತಿದ್ದವು. ಬಾರಿನ ಕೆಳಗೆ ಕಾಲು ತೂರಿಸಿ ಸೈಕಲ್ಲು ಕಲಿತ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಲಿತದ್ದು ಬಾಡಿಗೆ ಸೈಕಲ್ಲಿನ ಮೇಲೆ. ಪಂಚರ್ ಮಾಡಿದರೆ ಖರ್ಚು ಹೊಡೆದವನ ಮೇಲೆ. ತಳ್ಳಿಕೊಂಡು ಬರುವ ತಾಸಿಗೂ ಬಾಡಿಗೆ. ಆ ಭಯದಿಂದಲೇ ಮುಳ್ಳಿನ ದಾರಿ ಯಾವುದು, ಚೊಕ್ಕ ದಾರಿ ಯಾವುದು ಎಂದು ಹುಡುಗರಿಗೆ ಬಾಯಿಪಾಠವಾಗಿತ್ತು.

ಈ ಕಸುಬು ಹಿಡಿದವರು ಯಾರು? ಹೆಚ್ಚಾಗಿ ಹೊಲ ಇಲ್ಲದವರು, ಸಣ್ಣ ಬಂಡವಾಳದವರು. ಮುಸಲ್ಮಾನ ಮನೆತನಗಳವರು ಬಹಳ, ಬೇರೆ ಬೇರೆ ಸಮಾಜದವರೂ ಉಂಟು. ಇತ್ತೀಚೆಗೆ ‘ಪಂಚರ್ ಹಾಕುವವ’ ಎಂಬ ಮಾತನ್ನು ಹೀಯಾಳಿಸಲು ಬಳಸುವುದು ಕಿವಿಗೆ ಬೀಳುತ್ತದೆ. ಹಾಗೆ ಅನ್ನುವವರು ಒಂದು ಮಾತು ನೆನಪಿಡಬೇಕು. ನಮ್ಮಲ್ಲಿ ಡಾಕ್ಟರು, ಇಂಜಿನಿಯರು, ಮಾಸ್ತರು, ಸೈನಿಕ ಆದವರ ಗಾಲಿಗೆ ಯಾರೋ ಒಬ್ಬರು ಮುಂಜಾನೆ ಎದ್ದು ತೇಪೆ ಹಚ್ಚಿದ್ದಾರೆ. “ರೊಕ್ಕ ನಾಳೆ ಕೊಡೋ, ಮೊದಲ ಸಾಲಿಗೆ ಹೋಗು” ಎಂದವರೂ ಇದ್ದಾರೆ. ಕಾಯಕ ಯಾವುದೂ ಕೀಳಲ್ಲ ಎಂದು ಸಾರಿದ ಬಸವಣ್ಣನವರು ಹುಟ್ಟಿದ ಜಿಲ್ಲೆ ಇದು. ಇಲ್ಲಿ ದುಡಿಯುವ ಕೈಯನ್ನು ಹೀಯಾಳಿಸುವ ಮಾತು ನಮ್ಮ ಬಾಯಲ್ಲಿ ಬರಬಾರದು.

ಹೆಣ್ಣುಮಕ್ಕಳು ಮತ್ತು ಸರಕಾರದ ಸೈಕಲ್ಲು

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಹುಡುಗರ ಕಥೆ. ಹುಡುಗ ನಡುದಾರಿಯಲ್ಲಿ ನಿಂತರೆ ತಡವಾಯಿತು ಎನ್ನುತ್ತಿದ್ದರು. ಹುಡುಗಿ ನಿಂತರೆ ಶಾಲೆಯೇ ಬೇಡ ಎನ್ನುತ್ತಿದ್ದರು. ಬೇರೆ ಊರಿನ ಶಾಲೆಗೆ ಮಗಳನ್ನು ಕಳಿಸಲು ತಾಯಿತಂದೆ ಹಿಂಜರಿದದ್ದು ದಾರಿಯ ಭಯದಿಂದ. ಏಳನೆಯ ತರಗತಿ ಮುಗಿಸಿ ಮನೆಯಲ್ಲಿ ಉಳಿದ ಅಕ್ಕತಂಗಿಯರು ಎಷ್ಟೋ ಮಂದಿ. ಐವತ್ತು ವರ್ಷದ ಹಾಜರಿ ಪುಸ್ತಕಗಳಲ್ಲಿ ಅವರ ಹೆಸರು ಬರಲಿಲ್ಲ.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅದು ದೇಶದ ಗಮನ ಸೆಳೆಯಿತು. ನಮ್ಮ ರಾಜ್ಯ ಸರಕಾರ 2006–07ನೇ ಸಾಲಿನಿಂದ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ಅದೇ ಕಾಲಕ್ಕೆ ಬಿಹಾರದಲ್ಲಿಯೂ 9ನೇ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅವರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 32ರಷ್ಟು ಹೆಚ್ಚಿತೆಂದೂ ಹುಡುಗ–ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತೆಂದೂ ತೋರಿಸಿದರು. ಹೆಚ್ಚಿನ ಪ್ರಯೋಜನ ಕಂಡದ್ದು ಶಾಲೆಯಿಂದ ದೂರ ಇರುವ ಹಳ್ಳಿಗಳಲ್ಲಿ. ದೂರವೇ ಅಡ್ಡಿಯಾಗಿತ್ತು ಎಂಬುದಕ್ಕೆ ಇನ್ನೇನು ಬೇಕು?

ನಮ್ಮಲ್ಲಿಯೂ ಒಂದೇ ಬಣ್ಣದ ಸೈಕಲ್ಲುಗಳು ಸಾಲಾಗಿ ಶಾಲೆಗೆ ಬರುವ ನೋಟ ಸಾಮಾನ್ಯವಾಯಿತು. ಆದರೆ ಸೈಕಲ್ಲಿನ ಜೊತೆ ಪಂಪು ಬರಲಿಲ್ಲ, ತೇಪೆಯ ಸಾಮಾನು ಬರಲಿಲ್ಲ, ಪಂಚರ್ ತೆಗೆಯುವ ವಿದ್ಯೆಯನ್ನು ಯಾರೂ ಹಂಚಲಿಲ್ಲ. ಮೊದಲ ಮುಳ್ಳಿಗೆ ಹವಾ ಹೋದಾಗ ಅಪ್ಪನಿಗೆ ಹೊಲದ ಕೆಲಸ, ಅಣ್ಣನಿಗೆ ಬೇರೆ ಕೆಲಸ. ಸೈಕಲ್ಲು ದನದ ಕೊಟ್ಟಿಗೆಯ ಮೂಲೆ ಸೇರುತ್ತಿತ್ತು. ಸೈಕಲ್ಲು ಸಿಕ್ಕ ಹುಡುಗಿಗೆ ಗಾಲಿ ಬಿಚ್ಚಲು ಬರದಿದ್ದರೆ ಅವಳ ಸ್ವಾತಂತ್ರ್ಯ ಇನ್ನೊಬ್ಬರ ಪುರುಸೊತ್ತಿನ ಮೇಲೆ ನಿಲ್ಲುತ್ತದೆ. 2020ರ ಕೊರೊನಾ ಕಾಲದಲ್ಲಿ ಸೈಕಲ್ ಹಂಚಿಕೆಯೂ ನಿಂತಿತು.

ಇಂದಿನ ಮಾತು

1972ರಲ್ಲಿ ಲೂನಾ, 1985ರಲ್ಲಿ ಹೀರೊ ಹೊಂಡಾ ಬಂದ ಮೇಲೆ ಹಳ್ಳಿಯ ಗಾಲಿ ಮೆಲ್ಲಗೆ ಬದಲಾಯಿತು. ಆದರೂ 2011ರ ಜನಗಣತಿಯಲ್ಲಿ ದೇಶದ ಶೇ. 44.8ರಷ್ಟು ಮನೆಗಳಲ್ಲಿ ಸೈಕಲ್ಲು ಇತ್ತು, ಮೋಟಾರು ದ್ವಿಚಕ್ರ ವಾಹನ ಇದ್ದದ್ದು ಶೇ. 21ರಷ್ಟು ಮನೆಗಳಲ್ಲಿ. ಈಗ ಪಂಚರ್ ಅಂಗಡಿಗಳು ಮೋಟಾರ್ ಸೈಕಲ್ಲಿಗೆ, ಟ್ರ್ಯಾಕ್ಟರಿಗೆ ತಿರುಗಿವೆ. ಟ್ಯೂಬೇ ಇಲ್ಲದ ಟೈರುಗಳು ಬಂದಿವೆ. ಸೈಕಲ್ಲಿನ ಸಣ್ಣ ಕೆಲಸಕ್ಕೆ ಪುರುಸೊತ್ತು ಕಡಿಮೆ, ವಾಲ್‌ಟ್ಯೂಬ್ ಕೇಳಿದರೆ ಹುಡುಗ ಅಂಗಡಿಯವರಿಗೆ ಅದೇನೆಂದೇ ಗೊತ್ತಿಲ್ಲ.

ಇನ್ನೊಂದು ಕಡೆ, ನಮ್ಮ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳ ತವರು ಎಂದು ಹೆಸರಾಗಿವೆ. ಹೊಲದ ದಾರಿಯಲ್ಲಿ ಜೋಳದ ಚೀಲ ಹೊತ್ತು ತುಳಿದ ಕಾಲುಗಳೇ ಅವು. ಪಂದ್ಯದ ಸೈಕಲ್ಲಿನಲ್ಲಿ ಇಂದಿಗೂ ಕೆಲವರು ಬಳಸುವುದು ಟ್ಯೂಬನ್ನು ಒಳಗಿಟ್ಟು ಹೊಲಿದು ರಿಮ್ಮಿಗೆ ಅಂಟಿಸುವ ಟೈರನ್ನು. ಮಿಶೆಲಿನ್ ಅಂಗಳಕ್ಕೆ ಬಂದ ಆ ಹಳೆಯ ಟೈರಿನ ಸಂತತಿಯದು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದು ಯೋಚಿಸುತ್ತಿದ್ದಾರೆ. ಗಡಿಯಾರ, ಕಪಾಟು, ಫ್ಯಾನು ಎಲ್ಲವೂ ಬೇಕು. ಅವುಗಳ ಜೊತೆಗೆ ಒಂದು ಒಳ್ಳೆಯ ಪಂಪು, ಎರಡು ಪಾನಾ, ಅರ, ಸೊಲ್ಯೂಶನ್, ಒಂದಿಷ್ಟು ವಾಲ್‌ಟ್ಯೂಬ್, ಒಂದು ಬುಟ್ಟಿ ಶಾಲೆಯ ಪಡಸಾಲೆಯಲ್ಲಿ ಇರಲಿ ಎಂದು ನನ್ನ ವಿನಂತಿ. ಖರ್ಚು ದೊಡ್ಡದಲ್ಲ. ಕಾರ್ಯಾನುಭವದ ತಾಸಿನಲ್ಲಿ ಊರಿನ ಹಿರಿಯ ಕುಶಲಕರ್ಮಿಯೊಬ್ಬರನ್ನು ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿ, 8ನೇ ತರಗತಿಯ ಮಕ್ಕಳಿಗೆ, ಹುಡುಗಿಯರಿಗೆ ಮೊದಲು, ಪಂಚರ್ ತೆಗೆಯುವುದನ್ನು ಹೇಳಿಕೊಡಲು ಕೇಳೋಣ. ಗಾಳಿಯ ಒತ್ತಡ, ರಬ್ಬರಿನ ಗುಣ, ಅಂಟಿನ ರಸಾಯನ ಎಲ್ಲವನ್ನೂ ವಿಜ್ಞಾನದ ಗುರುಗಳು ಅಲ್ಲಿಯೇ ಹೇಳಬಹುದು. ಅಂಗಡಿಗಳನ್ನು ನಡೆಸಿದವರ, ನಡುದಾರಿಯಲ್ಲಿ ನೀರು ಕೊಟ್ಟವರ, ಚಕ್ಕಡಿಯಲ್ಲಿ ಕರೆತಂದವರ ನೆನಪುಗಳನ್ನು ಅವರ ಮನೆಯವರಿಂದಲೇ ಕೇಳಿ ಮಕ್ಕಳು ಬರೆದಿಡಲಿ. ಶಾಲೆಯ ಕಪಾಟಿನಲ್ಲಿ ಆ ವಹಿಯೂ ಒಂದಿರಲಿ.